ಅಮ್ಮನ ಬಾವಿಯ ಬಿಯರ್

೪ ಜೂನ್ ೨೦೧೭, ಭಾನುವಾರ

ಅಮ್ಮ ತೀರಿಕೊಂಡಾಗ ಬೊಜ್ಜದ ಊಟಕ್ಕೆ ಬಂದು ಎಲೆ ತೆಗೆಯುವ ಮೊದಲೇ ಹೊರಟುಹೋದ ತಂಗಿ ಒಂದು ವರ್ಷದ ಮೇಲೆ ಬಂದಿದ್ದಾಳೆ. ಟೆಂಪೋದಿಂದ ಮೊಳಕೆ ಬರಿಸಿ ಒಣಗಿಸಿದ ಮಾಲ್ಟ್ ಬಾರ್ಲಿಯ ಮೂಟೆಗಳು ಇಳಿದವು, ಎರಡು ಸ್ಟೀಲ್ ಹಂಡೆ ಇಳಿದವು, ಕೊನೆಗೆ ಗಡ್ಡದವನೊಬ್ಬ ಇಳಿದ. ಬ್ರಹ್ಮಾವರದವನಂತೆ. ಗೋವಾದಲ್ಲಿ ಸಣ್ಣ ಬಿಯರ್ ಕಾರ್ಖಾನೆ ಇಟ್ಟಿದ್ದಾನೆ. ಇವಳು ಅಲ್ಲಿ ಬಿಯರ್ ಕಾಯಿಸುವವಳು. ಇಷ್ಟು ವರ್ಷ ಕೇಳಿದವರಿಗೆಲ್ಲ ‘ಫುಡ್ ಕಂಪೆನಿ’ ಎಂದು ಹೇಳಿಕೊಂಡು ಬಂದಿದ್ದೆ. ಇವತ್ತು ಸಂಜೆಯೊಳಗೆ ತಲ್ಲೂರಿಗೆಲ್ಲ ಗೊತ್ತಾಗಿರುತ್ತದೆ.

ಬಂದ ಕೆಲಸವನ್ನು ಚಾ ಕುಡಿಯುವ ಮೊದಲೇ ಹೇಳಿದಳು. ಟ್ರಾಲ್ ಬೋಟುಗಳಿಗೆ ಮಳೆಗಾಲದ ನಿಷೇಧ ಶುರುವಾಗಿದೆ. ಬೋಟು ಕಡಲಿಗಿಳಿಯದೆ ಐಸ್ ಯಾರಿಗೂ ಬೇಡ, ಮನೆಗೆ ತಾಗಿದ ನಮ್ಮ ಐಸ್ ಪ್ಲಾಂಟು ಸುಮ್ಮನೆ ಮಲಗಿದೆ. ಅದರಲ್ಲಿ ಇವರಿಬ್ಬರೂ ಸೇರಿ ಈ ಕಡೆಯದೇ ಒಂದು ಹೊಸ ಬಿಯರ್ ಮಾಡಿ ನೋಡುತ್ತಾರಂತೆ. ಸರಿಬಂದರೆ ಪ್ಲಾಂಟಿನ ಎರಡು ಟ್ಯಾಂಕಿನಲ್ಲಿ ಒಂದು ಐಸಿಗೆ, ಒಂದು ಬಿಯರಿಗೆ. ಲೈಸೆನ್ಸಿನ ಅರ್ಜಿಗೆ ನನ್ನ ಸಹಿ ಬೇಕು. ನಮ್ಮಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುವುದು. ಅಮ್ಮನ ಪ್ಲಾಂಟು ಈಗ ನಮ್ಮಿಬ್ಬರದು.

“ಸೈ ಹಾಕುದಿಲ್ಲ” ಎಂದೆ. “ಟೈಲ್ಸ್ ಅಂಗ್ಡಿಯರ್ ಗೋಡೌನಿಗೆ ಕೇಂಡಿದ್ರ್. ಅವ್ರಿಗೆ ಕೊಡ್ತೆ.”

“ಚೌತಿ ಒಳ್ಗೆ ಹೇಳ್ ಅಕ್ಕ. ಆಗ್ಳಿಕೂ ಬೇಡ ಅಂದ್ರೆ ಗೋವಕ್ಕೆ ಹೋತೆ. ಮತ್ತೆ ಈ ಮನಿ ಮೆಟ್ಲ್ ಹತ್ತುದಿಲ್ಲ.”

“ಇಲ್ಲಿವರಿಗೆ ಎಷ್ಟ್ ಸರ್ತಿ ಹತ್ತಿದ್ದೆ?”

ಅವಳು ಚಾ ಲೋಟ ಕೈಗೆತ್ತಿಕೊಂಡಳು. “ಒಂದ್ ಮಾಡ್. ಕಾಯ್ಸಿದ್ದನ್ನ ಪ್ರತಿಸರ್ತಿ ಬಾಯಿಗ್ ಹಾಯ್ಕಂಡ್ ಕಾಣ್. ರುಚಿ ಕಾಣ್ದೆ ಬೇಡ ಅಂಬುಕಾಗ” ಎಂದಳು.

ಒಪ್ಪಿಕೊಂಡೆ. ಪುಸ್ತಕ ತೆರೆಯದೆ ಅದನ್ನು ಬಯ್ಯುವವರನ್ನು ನಾನೂ ಕ್ಷಮಿಸುವುದಿಲ್ಲ. ಓದಿಯೇ ಬಯ್ಯಬೇಕು.

೧೧ ಜೂನ್

ಮನೆಯ ತುಂಬ ಮಾಲ್ಟು ಬೆಂದ ವಾಸನೆ. ದನಕ್ಕೆ ಹಿಂಡಿ ಬೇಯಿಸಿದ ಹಾಗೆ. ಪರದೆ, ದಿಂಬು, ಕಾಲೇಜಿಗೆ ಉಡುವ ಸೀರೆ ಎಲ್ಲದಕ್ಕೂ ಹತ್ತಿದೆ. ಬೈಂದೂರು ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಹೆಂಗಸು ಎರಡು ಸಲ ನನ್ನ ಕಡೆ ಮೂಗು ತಿರುಗಿಸಿದಳು. ಸ್ನಾತಕೋತ್ತರ ಪದವಿ ಮಾಡಿ, ಇಷ್ಟು ವರ್ಷ ಹುಡುಗರಿಗೆ ಕಾವ್ಯ ಹೇಳಿ, ಕೊನೆಗೆ ಬಸ್ಸಿನಲ್ಲಿ ಸಾರಾಯಿ ಕೊಟ್ಟಿಗೆಯವಳಂತೆ ಕುಳಿತುಕೊಳ್ಳಬೇಕಾಯಿತು.

ಅಮ್ಮ ಹಾಸಿಗೆ ಹಿಡಿದಿದ್ದ ಮೂರು ವರ್ಷ ಈ ಮನೆಯಲ್ಲಿ ಬೇರೆ ವಾಸನೆ ಇತ್ತು. ಆಗ ಮೂಗು ತೂರಿಸಲು ಯಾರೂ ಬರಲಿಲ್ಲ.

ಅವಳು ರಾತ್ರಿ ಊಟಕ್ಕೆ ಕರೆದಳು. ಹಸಿವಿಲ್ಲ ಎಂದು ಕೋಣೆಗೆ ಹೋಗಿ ಕವಿತೆ ಓದಿದೆ. ಒಳ್ಳೆಯ ಕವಿತೆ. ಯಾವುದೆಂದು ಈಗ ನೆನಪಾಗುತ್ತಿಲ್ಲ.

೨೨ ಜೂನ್

ಮೊದಲನೆಯದನ್ನು ಕುಡಿಸಿದರು. ಕುಡಿಸಿದರು ಎಂದರೆ, ಬಾಯಿಗೆ ಹಾಕಿ ಉಗಿದೆ. ಉಗಿಯಲು ಅಮ್ಮನ ಹಳೇ ಪೀಕದಾನಿಯನ್ನೇ ತಂದಿಟ್ಟುಕೊಂಡೆ, ಅವಳಿಗೆ ಕಾಣಲಿ ಎಂದು.

“ಎಂತ ಅನ್ಸ್ತ್?”

“ಕುಕ್ಕರಿನಂಗ್ ಬೇಯ್ಸಿ, ಮುಚ್ಚಳ ತೆಗುಕೆ ಮರ್ತ್ ಹೋದ ಜೋಳ. ಅದ್ರ ಮೇಲೆ ಮಳಿಗ್ ನೆನ್ದ್ ಒಣ್ಗಿದ್ ರಟ್ಟಿನ ಪೆಟ್ಗಿ. ಇದನ್ನ ಕುಡಿಯುವವ್ರಿಗೆ ಮೊದ್ಲ್ ನಾಲ್ಗಿ ಕೊಯ್ಸ್ಕಂಬುಕೆ ಹೇಳ್.”

ಗಡ್ಡದವನು ಮೇಜು ಬಡಿದು ಎದ್ದ. ನನ್ನನ್ನು ಬಯ್ಯುತ್ತಾನೆ ಎಂದುಕೊಂಡೆ. ತಂಗಿಯ ಕಡೆ ತಿರುಗಿದ.

“ಹೇಳಿದ್ನಲ್ಲ ವಿಜೇತಾ! ಮುಚ್ಚಳ ಹಾಕಿ ಕುದಿಸ್ಬೇಡ ಅಂತ! ಮುಚ್ಚಳ ತೆಗ್ದಿಟ್ರೆ ಜೋಳದ ವಾಸನೆ ಆವಿಯಾಗಿ ಹೋಗ್ತದೆ. ಅಕ್ಕ, ಏಕ್‌ದಂ ಕರೆಕ್ಟ್. ಮತ್ತೆ ರಟ್ಟು ಅಂದ್ರಲ್ಲ, ಅದು ಗಾಳಿ ತಾಗಿ ಆದದ್ದು.”

ಇಬ್ಬರೂ ಖುಷಿಯಲ್ಲಿ ಪ್ಲಾಂಟಿನ ಕಡೆ ಓಡಿದರು. ಬಯ್ಗುಳವನ್ನು ಔಷಧಿ ಚೀಟಿಯ ಹಾಗೆ ತೆಗೆದುಕೊಂಡು ಹೋಗುವವರ ಜೊತೆ ಜಗಳ ಆಡುವುದು ಹೇಗೆ? ಪೀಕದಾನಿ ತೊಳೆಯುವ ಕೆಲಸ ನನಗೇ ಬಿತ್ತು.

೨೭ ಜೂನ್

ಇವತ್ತು ಅವಳ ಜೊತೆ ಒಂದು ಮಾತೂ ಆಡಲಿಲ್ಲ. ನಾಳೆಯೂ ಹೀಗೇ ನಡೆಸಬೇಕು.

೯ ಜುಲೈ

ಎರಡನೆಯದು. ಈ ಸಲ ಇನ್ನೂ ಹರಿತವಾಗಿ ಬಯ್ಯಬೇಕೆಂದು ಬೆಳಿಗ್ಗೆಯಿಂದ ಚಾ ಕುಡಿಯದೆ ಕುಳಿತಿದ್ದೆ. ಚಾ ಕುಡಿದರೆ ನಾಲಗೆ ಮೊಂಡಾಗುತ್ತದೆ. ಒಂದು ಗುಟುಕಿನಲ್ಲಿ ನಿಖರವಾಗಿ ಹೇಳಲಾಗಲಿಲ್ಲ. ಎರಡನೆಯದನ್ನು ನುಂಗಬೇಕಾಯಿತು. ನುಂಗದೆ ಗಂಟಲಿನ ಹಿಂದಿನ ಭಾಗಕ್ಕೆ ಗೊತ್ತಾಗುವುದಿಲ್ಲ.

“ಬೆಣ್ಣಿ” ಎಂದೆ. “ಅದೂ ಒಳ್ಳೆ ಬೆಣ್ಣಿ ಅಲ್ಲ. ಸಿನೆಮಾ ಟಾಕೀಸಿನ ಪಾಪ್‌ಕಾರ್ನಿಗ್ ಹಾಕುದ್. ಕುಡ್ದ ಮೇಲೂ ತುಟಿಗ್ ಹತ್ಕಂಡ್ ಕೂತ್ಕಂಬ ಜನ ಇರ್ತ್ರಲ್ಲ, ಮನಿಗ್ ಬಂದ್ರೆ ಏಳುದೇ ಇಲ್ಲ, ಹಂಗಿತ್ತ್.”

ಕೊನೆಯದು ಯಾರಿಗೆಂದು ಅವಳಿಗೆ ತಿಳಿಯಿತು. ತಿಳಿದೂ ನಕ್ಕಳು. ನಕ್ಕಿದ್ದು ಕೆರಳಿಸಿತು.

ತಪ್ಪು ಎಲ್ಲಿ ಎಂದು ಹುಡುಕಿದಾಗ ಚಂದಯ್ಯ ಸಿಕ್ಕಿಬಿದ್ದ. ಪ್ಲಾಂಟಿನ ಯಂತ್ರ ನೋಡಿಕೊಳ್ಳುವವನು, ಅಮ್ಮನ ಕಾಲದವನು. ಬಿಯರು ಹುದುಗಿ ಮುಗಿಯುವ ಮೊದಲೇ ಡ್ರಮ್ಮನ್ನು ಐಸ್ ಕಟ್ಟಿಸುವ ಉಪ್ಪುನೀರಿನ ಟ್ಯಾಂಕಿಗೆ ಇಳಿಸಿಬಿಟ್ಟಿದ್ದ. ಹುದುಗು, ಅಂದರೆ ಯೀಸ್ಟು, ಕೊನೆಯ ದಿನಗಳಲ್ಲಿ ತಾನೇ ಬಿಟ್ಟ ಬೆಣ್ಣೆ ವಾಸನೆಯನ್ನು ತಾನೇ ತಿಂದು ಮುಗಿಸಬೇಕಂತೆ. ಚಳಿಗೆ ಅದು ಮಲಗಿಬಿಟ್ಟಿತು.

“ನಿಮ್ಗೆ ಯಾರ್ ಹೇಳಿದ್ದ್ ಚಂದಯ್ಯಣ್ಣ, ಅಷ್ಟ್ ಬೇಗ ತಂಪ್ ಮಾಡುಕೆ?” ತಂಗಿಯ ದನಿ ಏರಿತು.

“ಹ್ವಾಯ್ ಸಣ್ಣಮ್ಮ, ಐಸ್ ಪ್ಲಾಂಟಂಗೆ ನೀರ್ ಬಿಸಿ ಇಟ್ಕಂಡ್ ಕೂಕಂಬುಕೆ ಆತ್ತಾ? ಬೋಟಿನವ್ರ್ ಬೈತ್ರ್!”

“ಯಾವ ಬೋಟ್? ಬಿಯರಿಗೆ ಎಂತ ಬೋಟ್?”

“ಅಭ್ಯಾಸ ಮಾರ್ರೆ” ಎಂದು ತಲೆ ಕೆರೆದುಕೊಂಡ. ಅವಳು ಬಯ್ಯುತ್ತಲೇ ಇದ್ದಳು. ನಾನು ಮಧ್ಯೆ ಬಾಯಿ ಹಾಕಿ, ಅಮ್ಮನ ಆಳಿಗೆ ಜೋರು ಮಾಡುವ ಅಧಿಕಾರ ನಿನಗೆ ಯಾರು ಕೊಟ್ಟರು ಎಂದು ಕೇಳಿದೆ. ಅಲ್ಲಿಂದ ಜಗಳ ಅಮ್ಮನ ಕಡೆಗೆ ಹೋಯಿತು. ಯಾಕೆ ಬರಲಿಲ್ಲ ಎಂದು ಕೇಳಿದೆ. ನಾಲ್ಕು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು ಕೇಳಿದ್ದು.

“ಧೈರ್ಯ ಇರ್ಲಿಲ್ಲ” ಎಂದಳು. “ಅಮ್ಮ ಹಾಸ್ಗಿಯಂಗ್ ಇಪ್ಪುದನ್ನ ಕಾಂಬುಕೆ ನಂಗೆ ಧೈರ್ಯ ಇರ್ಲಿಲ್ಲ ಅಕ್ಕ. ಬೇರೆ ಎಂತದೂ ಇಲ್ಲ.”

ಏನಾದರೂ ದೊಡ್ಡ ಕಾರಣ ಹೇಳಿದ್ದರೆ ಅದನ್ನು ಸುಳ್ಳೆಂದು ಸಾಬೀತು ಮಾಡಬಹುದಿತ್ತು.

೧೬ ಜುಲೈ

ಇಬ್ಬರೂ ಸೇರಿ ಮಾಡುವ ಮುಖ್ಯ ಬಿಯರಿನ ಲೆಕ್ಕಾಚಾರ ನಡೆಯುತ್ತಿದೆ. ಬಾರ್ಲಿಯ ಜೊತೆ ನಮ್ಮ ಕುಚ್ಚಲಕ್ಕಿ, ಗೋವಾದವರು ಕೋಕಂ ಎನ್ನುವ ಮುರುಗಲ ಒಣಸಿಪ್ಪೆಯ ಹುಳಿ, ಮೇಲೆ ಸ್ವಲ್ಪ ಉಪ್ಪು. ಉಪ್ಪು ಹಾಕಿದ ಹುಳಿ ಬಿಯರು ಯುರೋಪಿನಲ್ಲಿ ಹಳೆಯ ಕಾಲದಿಂದಲೂ ಇದೆಯಂತೆ. ಗಡ್ಡದವನಿಗೆ ಮುರುಗಲು ಹೆಚ್ಚು ಬೇಕು, ಕೆಂಪು ಬಣ್ಣ ಬರಲಿ ಎಂದು. ಅವಳಿಗೆ ಅಕ್ಕಿ ಮುಂದೆ ಬರಬೇಕು. ಅಂಗಳದಲ್ಲಿ ಬೆಳಿಗ್ಗೆಯಿಂದ ಕಚ್ಚಾಟ. ಅವನು ಬ್ರಹ್ಮಾವರದ ಕನ್ನಡದಲ್ಲಿ ಶುರುಮಾಡಿ ಸಿಟ್ಟು ಏರಿದ ಹಾಗೆ ಹಿಂದಿಗೆ ಹೋಗುತ್ತಾನೆ.

ತಡೆಯಲಾರದೆ ಕಿಟಕಿಯಿಂದಲೇ ಹೇಳಿದೆ: “ಗಂಜಿ ಉಂಬತಿಗೆ ಉಪ್ಪಿನಕಾಯಿ ನೆಂಚ್ಕಂತ್ರೋ, ಉಪ್ಪಿನಕಾಯಿ ಉಂಬತಿಗೆ ಗಂಜಿ ನೆಂಚ್ಕಂತ್ರೋ?”

ಗಡ್ಡದವನು ಸಿಪ್ಪೆಯನ್ನು ಮತ್ತೆ ತೂಗಿದ. ಮುರುಗಲು ಅರ್ಧಕ್ಕೆ ಇಳಿಯಿತು.

ಜಗಳ ನಿಲ್ಲಿಸುವುದಷ್ಟೇ ನನ್ನ ಉದ್ದೇಶ. ಮಧ್ಯಾಹ್ನದ ನಿದ್ದೆ ಕೆಡುತ್ತಿತ್ತು. ಹೋದ ವಾರದ ಬಿಯರಿನಲ್ಲಿ ಬೆಣ್ಣೆಯ ಕೆಳಗೆ ಇನ್ನೊಂದು ಇತ್ತು, ಹೊಸ ಭತ್ತದ ಕಣಜದ ಬಾಗಿಲು ತೆಗೆದಾಗ ಬರುವಂಥದ್ದು. ಅದಕ್ಕೆ ಒಂದು ಮಾತು ಬೇಕು. ಸಂಜೆಯಿಡೀ ಹುಡುಕಿದೆ, ಸಿಗಲಿಲ್ಲ. ಕವಿತೆಯ ಪುಸ್ತಕ ಮಡಿಲಲ್ಲೇ ಮುಚ್ಚಿಕೊಂಡಿತ್ತು.

೨೩ ಜುಲೈ, ಆಸಾಡಿ ಅಮಾವಾಸ್ಯೆ

ಬೆಳಕು ಹರಿಯುವ ಮೊದಲೇ ಚಂದಯ್ಯ ಈ ದಿನ ಮದ್ದೆಂದು ಕುಡಿಯುವ ಹಾಲೆ ಮರದ ತೊಗಟೆ ಜಜ್ಜಿದ ರಸ ತಂದುಕೊಟ್ಟ. ಕುಡಿದೆ. ವರ್ಷಕ್ಕೊಂದು ಸಲದ ಈ ಕಹಿಯ ಮುಂದೆ ಇವರು ಬಿಯರಿಗೆ ಹಾಕುವ ಹಾಪ್ಸ್ ಹೂವಿನ ಕಹಿ ಏನೂ ಅಲ್ಲ.

ಆಮೇಲೆ ಅವನು ಅಮ್ಮನ ಪದ್ಧತಿಯ ಪ್ರಕಾರ ಬಾವಿಗೆ ಬ್ಲೀಚಿಂಗ್ ಪೌಡರ್ ಸುರಿದ. ಬೋಟು ಇಳಿಯುವ ಮುಂಚೆ, ಆಸಾಡಿ ಅಮಾವಾಸ್ಯೆಯ ದಿನವೇ, ಪ್ರತಿ ವರ್ಷ. ಮಳೆನೀರು ಸೇರಿ ಕೆಟ್ಟ ಬಾವಿ ಐಸಿಗೆ ಶುದ್ಧವಾಗಬೇಕು. ನಾನು ಕಟ್ಟೆಯ ಪಕ್ಕ ನಿಂತು ನೋಡಿದೆ.

ಅವರಿಬ್ಬರೂ ಗೋವಾಕ್ಕೆ ಹೋಗಿದ್ದಾರೆ. ನಾಳೆ ಬರುತ್ತಾರೆ, ನಾಡಿದ್ದು ಮುಖ್ಯ ಬಿಯರು ಕಾಯಿಸುತ್ತಾರೆ. ಇದೇ ಬಾವಿಯ ನೀರಿನಲ್ಲಿ.

ಈ ಪೌಡರಿನಿಂದ ಬಿಯರಿಗೆ ಏನಾಗುತ್ತದೆ ಎಂದು ನನಗೆ ಗೊತ್ತಿಲ್ಲ. ಏನೋ ಆಗಬಹುದು ಎಂದು ಗೊತ್ತು. ಹೇಳುವುದಿಲ್ಲ. ಆಸಾಡಿ ಅಮಾವಾಸ್ಯೆಗೆ ಈ ಮನೆಯ ಬಾವಿಗೆ ಏನು ಬೀಳುತ್ತದೆ ಎಂದು ಈ ಮನೆಯ ಮಗಳಿಗೆ ನೆನಪಿರಬೇಕು. ಸಣ್ಣವಳಿದ್ದಾಗ ಅವಳೇ ಅಮ್ಮನ ಸೆರಗು ಹಿಡಿದು ಕಟ್ಟೆಯ ಹತ್ತಿರ ನಿಂತಿರುತ್ತಿದ್ದಳು. ನೆನಪಿದ್ದರೆ ಕೇಳುತ್ತಾಳೆ.

೨೫ ಜುಲೈ

ಕೇಳಲಿಲ್ಲ. ಪಂಪು ಹಾಕಿ ನೀರು ತುಂಬಿದರು. ಕಿಟಕಿ ಮುಚ್ಚಿಕೊಂಡೆ.

೧೩ ಆಗಸ್ಟ್, ಭಾನುವಾರ

ಆದದ್ದನ್ನು ಆದ ಹಾಗೆಯೇ ಬರೆದಿಡುತ್ತೇನೆ.

ರುಚಿ ನೋಡಲು ಲೀಲಾಧರ ಬಂದಿದ್ದರು. ಮುಂಬೈಯಲ್ಲಿ ಬಹಳ ಕಾಲ ಬಾರ್ ನಡೆಸಿ ಈಗ ಕುಂದಾಪುರದಲ್ಲಿ ಹೋಟೆಲು ಹಾಕಿದವರು. ಲೈಸೆನ್ಸ್ ಸಿಕ್ಕಿದ ಮೇಲೆ ಇವರ ಬಿಯರನ್ನು ಮೊದಲು ತಮ್ಮ ಹೋಟೆಲಿನಲ್ಲಿ ಮಾರುವವರು ಅವರೇ. ಅಂಗಳಕ್ಕೆ ಮೇಜು ಹಾಕಿದ್ದರು. ಬಿಯರು ಮುರುಗಲಿನ ತಿಳಿ ಕೆಂಪಿಗೆ ಬಂದಿತ್ತು, ಮೇಲೆ ಬಿಳಿ ನೊರೆ. ನೋಡಲು ಚೆಂದವಿತ್ತು, ಸುಳ್ಳು ಯಾಕೆ ಹೇಳಲಿ.

ಲೀಲಾಧರ ಅರ್ಧ ಗ್ಲಾಸು ಒಂದೇ ಸಲಕ್ಕೆ ಇಳಿಸಿ, “ಅರೆ! ಇದೆಂತ ಮಾರ್ರೆ, ಬಂಗ್ಡಿ ಮೀನ್ ಹುರ್ದದ್ ಒಂದ್ ಇದ್ರೆ ನಾನ್ ಮನಿಗೇ ಹೋಪುದಿಲ್ಲ!” ಎಂದರು. ಗಡ್ಡದ ರೋಷನ್ ಮೂಸಿದ, ಕುಡಿದ, ಕಣ್ಣು ಮುಚ್ಚಿ ತಲೆಯಾಡಿಸಿದ. ವಿಜೇತಾ ಕುಡಿಯಲೇ ಇಲ್ಲ. ನನ್ನ ಮುಖ ನೋಡುತ್ತಿದ್ದಳು.

ನಾನು ಕುಡಿದೆ. ಮೊದಲು ಉಪ್ಪು, ಆಮೇಲೆ ಹುಳಿ, ಅದರ ಹಿಂದೆ ಅಕ್ಕಿ ನಿಧಾನಕ್ಕೆ ಬಂತು. ನಾನು ಮಾತು ಹುಡುಕುತ್ತಿದ್ದ ಆ ಕಣಜದ ವಾಸನೆ ಇತ್ತು. ಎಲ್ಲವೂ ಅದರದರ ಜಾಗದಲ್ಲಿ. ಎಲ್ಲ ಮುಗಿದ ಮೇಲೆ, ಮೂಗಿನ ಒಳಗಿಂದ, ತೆಳ್ಳಗೆ, ಗಾಯಕ್ಕೆ ಸುತ್ತಿದ ಪಟ್ಟಿ. ಆಸ್ಪತ್ರೆಯ ವಾರ್ಡು. ಮಂಚದ ಕೆಳಗಿನ ನೆಲ ಒರೆಸಿ ಹೋದ ಮೇಲಿನ ವಾಸನೆ.

ಬಾಯಿ ಮುಚ್ಚಿಕೊಂಡಿದ್ದರೆ ಇವತ್ತು ಎಲ್ಲರೂ ಖುಷಿಯಲ್ಲಿ ಮನೆಗೆ ಹೋಗುತ್ತಿದ್ದರು. ಬರುವ ವಾರ ಇದನ್ನು ಗೋವಾದಲ್ಲಿ ಬಿಯರು ಬಲ್ಲವರ ಮುಂದೆ ಇಡುವುದಿತ್ತು. ಅಲ್ಲಿ ಅವಳ ಮರ್ಯಾದೆ ಹೋಗುತ್ತಿತ್ತು, ಪ್ಲಾಂಟು ಟೈಲ್ಸಿನವರ ಪಾಲಾಗುತ್ತಿತ್ತು. ನನ್ನ ಸಹಿಯ ಪ್ರಶ್ನೆಯೇ ಏಳುತ್ತಿರಲಿಲ್ಲ.

“ಚೆಲ್ಲ್ ಇದನ್ನ” ಎಂದೆ.

“ಎಂತಕ್ಕೆ?”

“ಆಸ್ಪತ್ರಿ ವಾಸ್ನಿ. ಹೊರಗ್ ಕೊಂಡ್ ಹೋಪುಕಾಗ.”

ಲೀಲಾಧರ ಗ್ಲಾಸಿನೊಳಗೆ ಮೂಗು ತೂರಿಸಿ, “ನಂಗೆಂತದೂ ಗೊತ್ತಾತಿಲ್ಲ ಮಾರ್ರೆ. ಲಾಯ್ಕ್ ಇತ್ತಲೆ!” ಎಂದರು. ರೋಷನ್ ಮತ್ತೆ ಕುಡಿದು ನೋಡಿ, “ಇಲ್ಲ ಅಕ್ಕ, ನನಗೂ ಸಿಗ್ತಾ ಇಲ್ಲ” ಎಂದ.

ವಿಜೇತಾ ಎದ್ದು ನಿಂತಳು. “ಇದ್ ಲಾಯ್ಕ್ ಆಯ್ತಲ್ಲ, ಅದಕ್ಕೇ ಅಲ್ದಾ? ಕೆಟ್ಟದಾದ್ರೆ ಜೋಳ, ಬೆಣ್ಣಿ ಅಂದಿ. ಲಾಯ್ಕಾದ್ರೆ ಚೆಲ್ಲ್ ಅಂತೆ. ನಿನ್ ಹೊಟ್ಟಿಯಂಗ್ ಇಷ್ಟ್ ವಿಷ ಇತ್ತ್ ಅಂದೇಳಿ ಗೊತ್ತಿರ್ಲಿಲ್ಲ ನಂಗೆ.”

“ವಿಷ ಇಪ್ಪುದ್ ಬಾವ್ಯಂಗೆ” ಎಂದುಬಿಟ್ಟೆ. “ಚಂದಯ್ಯನ ಕೇಣ್.”

ಚಂದಯ್ಯ ಬೆದರಿ ಹೇಳಿದ: “ಆಸಾಡಿ ಅಮಾಸಿಗ್ ಬ್ಲೀಚಿಂಗ್ ಹಾಕುದ್ ಅಲ್ದಾ ಸಣ್ಣಮ್ಮ? ಪ್ರತಿವರ್ಷ ಹಾಕುದೇ. ಟೀಚ್ರೂ ನಿಂತಿದ್ರ್.”

ರೋಷನ್ ಹಣೆ ಹೊಡೆದುಕೊಂಡ. ಆ ಪೌಡರಿನ ಕ್ಲೋರಿನ್ ಮಾಲ್ಟಿನ ಜೊತೆ ಸೇರಿದರೆ ಇದೇ ವಾಸನೆಯಂತೆ, ಬಹಳ ಜನರಿಗೆ ಗೊತ್ತೇ ಆಗುವುದಿಲ್ಲವಂತೆ. ವಿಜೇತಾ ಅವನ ಮಾತು ಕೇಳುತ್ತಿರಲಿಲ್ಲ.

“ನಿಂಗೊತ್ತಿತ್ತಾ?”

“ಗೊತ್ತಿತ್ತ್. ನಿಂಗೂ ಗೊತ್ತಿರ್ಕಿತ್ತ್.”

ಅವಳು ಪ್ಲಾಂಟಿಗೆ ಹೋಗಿ ಡ್ರಮ್ಮುಗಳ ನಲ್ಲಿ ತಿರುಗಿಸಿದಳು. ಚರಂಡಿಯಲ್ಲಿ ಕೆಂಪು ನೊರೆ ಹೈವೇಯ ಮೋರಿಯ ತನಕ ಹರಿಯಿತು. ಲೀಲಾಧರ, “ಅಯ್ಯೋ, ಒಂದ್ ಬಾಟ್ಲಿ ಆದ್ರೂ ಇಡಿ ಮಾರ್ರೆ” ಎನ್ನುತ್ತಿದ್ದರು. ಸಂಜೆಯ ರೈಲಿಗೆ ವಿಜೇತಾ, ರೋಷನ್ ಇಬ್ಬರೂ ಗೋವಾಕ್ಕೆ ಹೊರಟರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅರ್ಜಿಯ ಕಾಗದ ಮೇಜಿನ ಮೇಲೆಯೇ ಇದೆ.

೧೫ ಆಗಸ್ಟ್

ಕಾಲೇಜಿನಲ್ಲಿ ಧ್ವಜ ಹಾರಿಸಿ ಬಂದೆ. ಮನೆಯಲ್ಲಿ ಯಾವ ವಾಸನೆಯೂ ಇಲ್ಲ. ಓದಲು ಇಂಥ ದಿನ ಬೇಕೆಂದು ಎರಡು ತಿಂಗಳಿಂದ ಬಯಸುತ್ತಿದ್ದೆ. ನಾಲ್ಕು ಕವಿತೆ ಓದಿದೆ. ನಾಲ್ಕೂ ಸಪ್ಪೆ.

೨೦ ಆಗಸ್ಟ್

ಚಂದಯ್ಯನಿಂದ ಬಾವಿ ಖಾಲಿ ಮಾಡಿಸಿದೆ, ತುಂಬಿದ ಮೇಲೆ ಮತ್ತೊಮ್ಮೆ ಮಾಡಿಸಿದೆ. ಅವನು, “ಐಸಿಗೆ ಇದೆಲ್ಲ ಬೇಡ ಟೀಚ್ರೆ, ಬೋಟಿನವ್ರ್ ಕಾಯ್ತಾ ಇದ್ರ್” ಎಂದು ಗೊಣಗಿದ. ಐಸಿಗೇ ಎಂದು ಗದರಿಸಿದೆ. ದಿನವೂ ಬೆಳಿಗ್ಗೆ ಚಾಕ್ಕಿಂತ ಮೊದಲು ಒಂದು ಲೋಟ ನೀರು ಸೇದಿ ಕುಡಿದು ನೋಡುತ್ತಿದ್ದೇನೆ. ಮೊನ್ನೆ ಇನ್ನೂ ಸ್ವಲ್ಪ ಇತ್ತು. ಇವತ್ತು ಇಲ್ಲ. ಕಲ್ಲಿನ ತಂಪು, ಅದರ ಹಿಂದೆ ಇಷ್ಟೇ ಇಷ್ಟು ಸಿಹಿ. ಬರುವ ವರ್ಷದಿಂದ ಬ್ಲೀಚಿಂಗ್ ಏನಿದ್ದರೂ ಐಸಿನ ತೊಟ್ಟಿಗೆ, ಬಾವಿಗೆ ಬೇಡ ಎಂದು ಚಂದಯ್ಯನಿಗೆ ಖಡಾಖಂಡಿತ ಹೇಳಿದ್ದೇನೆ.

ಟೈಲ್ಸಿನವರು ಬಂದಿದ್ದರು. ಅಂಗಳದಲ್ಲೇ ನಿಲ್ಲಿಸಿ ಮಾತಾಡಿಸಿದೆ. ಬಾವಿಗೆ ಸ್ಲ್ಯಾಬ್ ಹಾಕಿ ಮುಚ್ಚಿದರೆ ಲಾರಿ ತಿರುಗಿಸಲು ಅನುಕೂಲ ಎಂದರು. ಅವರ ಬಾಯಿಯ ಗುಟ್ಕಾ ವಾಸನೆ ಗೇಟಿನ ಹತ್ತಿರ ಬಹಳ ಹೊತ್ತು ನಿಂತಿತ್ತು. ಕೊಡುವುದಿಲ್ಲ ಎಂದು ಹೇಳಿ ಕಳುಹಿಸಿದೆ. ಜನರಿಗೆ ನಾಚಿಕೆ ಎಂಬುದು ಬೇಡವೇ?

೨೪ ಆಗಸ್ಟ್

ನಾಳೆ ಚೌತಿ. ಗೋವಾದಿಂದ ಬಂದ ಲೀಲಾಧರರ ಕೈಯಲ್ಲಿ ರೋಷನ್ ಎರಡು ಬಾಟಲಿ ಕಳುಹಿಸಿದ್ದಾನೆ. ಅದೇ ಬಿಯರನ್ನು ಅಲ್ಲಿಯ ನೀರಿನಲ್ಲಿ, ಬೇಗ ಹುದುಗಿಸಿ ಮಾಡಿದ್ದು. ವಿಜೇತಾ ಕಳುಹಿಸಿದ್ದಲ್ಲ, ಅವಳಿಗೆ ಹೇಳಬೇಡಿ ಎಂದೂ ಹೇಳಿದ್ದಾನಂತೆ.

ಒಂದು ಗುಟುಕು ಕುಡಿದೆ. ಬಾಟಲಿ ಪಕ್ಕಕ್ಕಿಟ್ಟು ವಿಜೇತಾಗೇ ಫೋನ್ ಮಾಡಿದೆ.

“ಎಂತ ಮಾಡಿಟ್ಟಿದ್ಯೆ ಇದ್?”

“ಯಾರ್ ಕೊಟ್ರ್ ನಿಂಗೆ?”

“ಯಾರಾರೂ ಕೊಡ್ಲಿ. ಅಕ್ಕಿ ಎಲ್ಲಿ ಹೋಯ್ತ್? ಹುಳಿ ಒಂದ್ ಬದಿ ಕೂಗ್ತಾ ಇತ್ತ್, ಉಪ್ಪ್ ಒಂದ್ ಬದಿ ಕೂಗ್ತಾ ಇತ್ತ್, ಒಬ್ರ್ ಮಾತ್ ಒಬ್ರ್ ಕೇಂತ್ರಿಲ್ಲೆ. ನೀರಿಗೆ ಜೀವ ಇಲ್ಲ. ಇಸ್ತ್ರಿ ಪೆಟ್ಗಿಗೆ ಹಾಕು ನೀರಂಗೆ ಬಿಯರ್ ಮಾಡ್ತ್ರಾ ಯಾರಾರೂ?”

“ಇಲ್ಲಿ ಎಲ್ಲರಿಗೂ ಇಷ್ಟ ಆಯ್ತ್.”

“ಅಲ್ಲಿ ಎಲ್ಲರಿಗೂ ನಾಲ್ಗಿ ಇಲ್ಲ.”

“ನಿಂಗ್ ಬೇಕಾದ್ದ್ ಎಂತ ಈಗ?”

“ಇಲ್ಲಿಗ್ ಬಾ. ಬಂದ್ ಸಮಾ ಮಾಡಿ, ಮತ್ತೆ ಎಲ್ಲಿಗ್ ಬೇಕಾದ್ರೂ ಹೋಗ್. ಮಾಡಿದ್ದನ್ನ ಹಾಳ್ ಮಾಡಿ ಬಿಟ್ಟ್ ಹೋಪ್ದ್ ನಿಂಗ್ ಅಭ್ಯಾಸ ಆಯ್ತ್.”

“ಮತ್ತೆ ಸೈ?”

“ಅದ್ ನನ್ ಹತ್ರ ಕೇಂಬುದಲ್ಲ. ಕಾಗ್ದ ಮೇಜಿನ ಮೇಲೇ ಇತ್ತಲ್ಲ, ಬಂದ್ ಕಾಣ್!” ಎಂದು ಫೋನ್ ಇಟ್ಟೆ.

ಅರ್ಜಿಯಲ್ಲಿ ನನ್ನ ಹೆಸರಿನ ಕೆಳಗೆ ಸ್ವರ್ಣಲತಾ ಎಂದು ಸಹಿ ಹಾಕಿದೆ. ಕೋಪದಲ್ಲಿ ಒತ್ತಿ ಬರೆದದ್ದು ಕೆಳಗಿನ ಹಾಳೆಗೂ ಮೂಡಿದೆ.

೨೬ ಆಗಸ್ಟ್

ನಾಳೆ ಮಧ್ಯಾಹ್ನದ ರೈಲಿಗೆ ಬರುತ್ತಾಳಂತೆ. ಮೆಸೇಜು ಹಾಕಿದ್ದಾಳೆ, ಎರಡೇ ಶಬ್ದ. ಅಕ್ಕ ಎಂದು ಕೂಡ ಬರೆದಿಲ್ಲ. ನಾನೂ ಉತ್ತರ ಕೊಡಲಿಲ್ಲ.

ಅವಳಿಗೆ ಹೇಳಬೇಕಾದ್ದು ಬಹಳ ಇದೆ. ಅಕ್ಕಿಯನ್ನು ಇನ್ನೂ ತಡವಾಗಿ ಹಾಕಬೇಕು. ಮುರುಗಲ ಸಿಪ್ಪೆಯನ್ನು ಕುದಿಸದೆ ತಣ್ಣೀರಿನಲ್ಲಿ ನೆನೆಸಿ ನೋಡಬೇಕು. ಕಾರ್ಖಾನೆ ಉಪ್ಪು ಬಿಟ್ಟು ಕಡಲುಪ್ಪು ಹಾಕಬೇಕು. ರೋಷನ್‌ಗೆ ಬಣ್ಣದ ಹುಚ್ಚು ಬಿಡಿಸಬೇಕು. ಚಂದಯ್ಯನನ್ನು ಬಯ್ಯುವುದಾದರೆ ನನ್ನನ್ನು ಕೇಳಿ ಬಯ್ಯಬೇಕು. ಅಮ್ಮನ ವಿಷಯ ಇದ್ದೇ ಇದೆ. ಅದನ್ನು ಇದೆಲ್ಲ ಮುಗಿದ ಮೇಲೆ ತೆಗೆಯುತ್ತೇನೆ.

ಒಂದು ದಿನದಲ್ಲಿ ಮುಗಿಯುವ ಜಗಳ ಇದಲ್ಲ. ಬೈಂದೂರಿಗೆ ಫೋನ್ ಮಾಡಿ ಕಾಲೇಜಿಗೆ ವಾರವಿಡೀ ರಜೆ ಹಾಕಿದ್ದೇನೆ.